ಗದ್ದ ವಾಲಿದ್ದಕ್ಕೆ ಕೀಲು ಕಟಗುಟ್ಟುತ್ತದೆಯೋ, ಕೀಲಿನಿಂದಲೇ ಗದ್ದ ವಾಲಿತೋ?

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ, ಬಿಎಸ್ಸಿ ಓದ್ತಾಳ. ಒಂದ್ ವರ್ಷದಿಂದ ಬಾಯಿ ತೆರೆದ್ರ ಬಲಗಡೆ ಕಿವಿ ಹತ್ರ ಕಟ್ ಅಂತ ಸಪ್ಪಳ ಬರ್ತದ. ಖಡಕ್ ರೊಟ್ಟಿ ತಿಂದ ದಿನ ಗಲ್ಲ ನೋಯ್ತದ. ಈಗ ಫೋಟೊದಾಗ ನೋಡಿದ್ರ ಗದ್ದ ಸ್ವಲ್ಪ ಎಡಕ್ಕ ವಾಲಿದಂಗ ಕಾಣ್ತದ. ಒಬ್ಬ ಡಾಕ್ಟರು ಮುಖದ ಎಲುಬಿನ ರಚನೆನೇ ಸರಿ ಇಲ್ಲ, ಆಪರೇಷನ್ ಬೇಕಾಗಬಹುದು ಅಂದ್ರು. ಇನ್ನೊಬ್ರು ಕ್ಲಿಪ್ ಹಾಕಿದ್ರ ಎಲ್ಲಾ ಸರಿ ಹೋಗ್ತದ ಅಂದ್ರು. ಯಾರ ಮಾತು ಕೇಳೋದು? ಎಲುಬಿನಿಂದ ಕೀಲು ಕೆಟ್ಟದ್ದೋ, ಕೀಲಿನಿಂದ ಮುಖ ಕೆಟ್ಟದ್ದೋ?
(ಗದಗದ ಓದುಗರು)

ಉತ್ತರ: ನಿಮ್ಮ ಮಗಳ ತೊಂದರೆಯಲ್ಲಿ ಎರಡು ಎಳೆಗಳಿವೆ, ಸಪ್ಪಳದ್ದು ಒಂದು, ಗದ್ದದ್ದು ಇನ್ನೊಂದು. ಎರಡನ್ನೂ ಒಂದೇ ಗಂಟು ಮಾಡಿದ್ದರಿಂದಲೇ ನಿಮಗೆ ಎರಡು ಬಾಯಿಂದ ಎರಡು ಮಾತು ಬಂದಿರಬೇಕು. ಸಪ್ಪಳಕ್ಕೂ ಗಲ್ಲದ ನೋವಿಗೂ ಮುಖದ ಎಲುಬೇ ಕಾರಣ ಅನ್ನುವುದು ಬಹಳ ಸಲ ನಿಲ್ಲುವುದಿಲ್ಲ. ಆದರೆ ಗದ್ದ ಇತ್ತೀಚೆಗೆ ವಾಲಿದ್ದರೆ, ಇನ್ನೂ ವಾಲುತ್ತಿದ್ದರೆ, ಅದರ ಬೇರು ಕಿವಿಯ ಮುಂದಿನ ದವಡೆಯ ಕೀಲಿನಲ್ಲಿ ಇರಬಹುದು. ಹುಟ್ಟಿನಿಂದ ಸ್ವಲ್ಪ ಸೊಟ್ಟ ಇರುವ ಮುಖ ಬೇರೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುವ ಮುಖ ಬೇರೆ. ಮಗಳದು ಯಾವುದು ಎಂದು ತಿಳಿಯುವವರೆಗೆ ಆಪರೇಷನ್ನಿಗೂ ಕ್ಲಿಪ್ಪಿಗೂ ಕೈ ಹಾಕಬೇಡಿ.

ಕೀಲು ಹೇಗಿದೆ ಎಂದು ಮೊದಲು ನೋಡೋಣ. ಕಿವಿಯ ತೂತಿನ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಒಳಗೆ ಗುಬ್ಬಿಯಂಥ ದುಂಡನೆಯ ಎಲುಬೊಂದು ಜಾರುವುದು ತಾಗುತ್ತದೆ. ಅದೇ ಕೆಳದವಡೆಯ ಮೇಲ್ತುದಿ, ಡಾಕ್ಟರುಗಳು ಕಾಂಡೈಲ್ ಅನ್ನುತ್ತಾರೆ. ಅಡ್ಡಕ್ಕೆ 15ರಿಂದ 20 ಮಿ.ಮೀ., ಹಿಂದುಮುಂದಕ್ಕೆ 8ರಿಂದ 10 ಮಿ.ಮೀ. ಇರುವ ಸಣ್ಣ ಗುಬ್ಬಿ. ಅದು ಕೂರುವುದು ತಲೆಬುರುಡೆಯ ಒಂದು ಗುಳಿಯಲ್ಲಿ. ಗುಳಿಯ ಮುಂದೆ ಒಂದು ದಿಬ್ಬ. ಗುಬ್ಬಿಗೂ ಗುಳಿಗೂ ನಡುವೆ ಗಟ್ಟಿ ನಾರಿನ ಒಂದು ಡಿಸ್ಕ್ ಇದೆ. ನಡುವೆ ತೆಳ್ಳಗೆ, ಸುಮಾರು 1 ಮಿ.ಮೀ.; ಹಿಂದಿನ ಅಂಚಿನಲ್ಲಿ ಅದರ ಎರಡು ಮೂರು ಪಟ್ಟು ದಪ್ಪ. ಬಾಯಿ ತೆರೆಯುವಾಗ ಮೊದಲ 20–25 ಮಿ.ಮೀ.ವರೆಗೆ ಗುಬ್ಬಿ ಇದ್ದಲ್ಲೇ ಬಾಗಿಲ ಕೀಲಿನಂತೆ ತಿರುಗುತ್ತದೆ. ಆಮೇಲೆ ಡಿಸ್ಕನ್ನು ತಲೆಯ ಮೇಲೆ ಹೊತ್ತುಕೊಂಡೇ ದಿಬ್ಬದ ಇಳಿಜಾರಿನಲ್ಲಿ ಮುಂದಕ್ಕೆ ಜಾರುತ್ತದೆ. ಎರಡೂ ಸೇರಿ ದೊಡ್ಡವರಲ್ಲಿ 40ರಿಂದ 50 ಮಿ.ಮೀ. ತೆರೆತ, ಅಂದರೆ ಅವರವರದೇ ಮೂರು ಬೆರಳು ಒಂದರ ಮೇಲೊಂದು ಇಟ್ಟಷ್ಟು. ಎಡಬಲದ ಎರಡು ಕೀಲುಗಳು ಒಂದೇ ಎಲುಬಿನ ಎರಡು ತುದಿಗಳಾದ್ದರಿಂದ ಒಂದರಲ್ಲಿ ಲೋಪವಾದರೆ ಇನ್ನೊಂದು ಸುಮ್ಮನೆ ಇರಲಾರದು. ಕಿವಿಯ ನಾಳ ಇದರ ಬೆನ್ನಿಗೇ ಇದೆ. ಎಷ್ಟೋ ಜನ ಕಿವಿನೋವೆಂದು ತಿಂಗಳುಗಟ್ಟಲೆ ಹನಿ ಹಾಕಿಕೊಳ್ಳುತ್ತಿರುತ್ತಾರೆ, ನೋವು ಮಾತ್ರ ಕೀಲಿನದು.

ಆ 'ಕಟ್' ಎಲ್ಲಿಂದ ಬರುತ್ತದೆ? ಡಿಸ್ಕ್ ತನ್ನ ಜಾಗದಿಂದ ಸ್ವಲ್ಪ ಮುಂದಕ್ಕೆ ಸರಿದಿರುತ್ತದೆ. ಬಾಯಿ ತೆರೆದಾಗ ಗುಬ್ಬಿ ಅದರ ಹಿಂದಿನ ದಪ್ಪ ಅಂಚನ್ನು ಹತ್ತಿ ನಡುವಿನ ತೆಳುಭಾಗಕ್ಕೆ ಇಳಿಯುವಾಗ ಸಪ್ಪಳವಾಗುತ್ತದೆ, ಮುಚ್ಚುವಾಗ ಮತ್ತೆ ಹಿಂದಕ್ಕೆ ಜಾರಿ ಸಣ್ಣದಾಗಿ ಇನ್ನೊಮ್ಮೆ. ಏನೂ ತೊಂದರೆ ಇಲ್ಲದ ಜನರಲ್ಲೂ ಮೂವರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ಇಂಥ ಸಪ್ಪಳ ಇರುತ್ತದೆ. ನೋವಿಲ್ಲ, ಬಾಯಿ ಸಿಕ್ಕಿಕೊಳ್ಳುವುದಿಲ್ಲ ಅಂದರೆ ಸಪ್ಪಳವೊಂದಕ್ಕೇ ಚಿಕಿತ್ಸೆ ಬೇಡ. ಹೆದರಬೇಕಾದದ್ದು ಇದರ ಉಲ್ಟಾ ಆದಾಗ. ತಿಂಗಳುಗಟ್ಟಲೆ ಬರುತ್ತಿದ್ದ ಸಪ್ಪಳ ಒಂದು ಬೆಳಿಗ್ಗೆ ತಾನಾಗಿ ನಿಂತು, ಅದೇ ಹೊತ್ತಿಗೆ ಬಾಯಿ 25–30 ಮಿ.ಮೀ.ಗಿಂತ ಹೆಚ್ಚು ತೆರೆಯದಾದರೆ ರೋಗ ವಾಸಿಯಾಯಿತೆಂದು ಸಂತೋಷಪಡಬೇಡಿ. ಗುಬ್ಬಿಗೆ ಡಿಸ್ಕಿನ ಮೇಲೆ ಹತ್ತಲು ಆಗುತ್ತಿಲ್ಲ, ಹಿಂದೆಯೇ ಸಿಕ್ಕಿಕೊಂಡಿದೆ ಎಂದು ಅರ್ಥ. ಅಂಥ ದವಡೆಯನ್ನು ಮೊದಲ ವಾರಗಳಲ್ಲೇ ತೋರಿಸಿದರೆ ಬಿಡಿಸುವುದು ಸುಲಭ.

ಈಗ ಮೊದಲ ಡಾಕ್ಟರು ಹೇಳಿದ ಮಾತಿಗೆ ಬರೋಣ: ಮುಖದ ರಚನೆ ಸರಿಯಿಲ್ಲದ್ದಕ್ಕೇ ಕೀಲು ಕೆಟ್ಟಿದೆ. ಈ ವಿಚಾರ ಹಳೆಯದು. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್ ಎಂಬುವರು, ದವಡೆ ಹಲ್ಲು ಉದುರಿದವರಲ್ಲಿ ಕೆಳದವಡೆ ಅತಿಯಾಗಿ ಮೇಲೇರಿ ಕೀಲಿನ ಹಿಂಭಾಗವನ್ನು ಒತ್ತುತ್ತದೆ, ಕಿವಿಯ ನೋವು, ಗುಂಯ್‌ಗುಡುವುದು ಎಲ್ಲ ಅದರಿಂದಲೇ ಎಂದು ಬರೆದರು. ಅವರು ಹೇಳಿದ ಅಂಗರಚನೆಯ ವಿವರಣೆ ಆಮೇಲೆ ಬಿದ್ದುಹೋಯಿತು. ಆದರೂ 'ಕಚ್ಚು (ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿ) ಸರಿಮಾಡಿದರೆ ಕೀಲು ಸರಿಹೋಗುತ್ತದೆ' ಎಂಬ ನಂಬಿಕೆ ಉಳಿದು, ಎಷ್ಟೋ ಜನರ ಒಳ್ಳೆಯ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಿತು. 2014ರಿಂದ ಜಗತ್ತಿನ ಹೆಚ್ಚಿನ ಕಡೆ ಬಳಸುವ ರೋಗನಿರ್ಣಯದ ಪದ್ಧತಿಯಲ್ಲಿ ಹಲ್ಲಿನ ಕಚ್ಚಾಗಲಿ ಮುಖದ ಉದ್ದ ಅಗಲವಾಗಲಿ ರೋಗದ ಗುರುತುಗಳಲ್ಲಿ ಇಲ್ಲ. ಸ್ನಾಯುವಿನ ನೋವು, ಕೀಲಿನ ನೋವು, ಡಿಸ್ಕ್ ಸರಿದದ್ದು, ಕೀಲಿನ ಸವೆತ ಎಂದು ಒಂದು ಕಡೆ ವಿಂಗಡಿಸಿ, ಇನ್ನೊಂದು ಕಡೆ ನಿದ್ದೆ, ಚಿಂತೆ, ಮೈಯಲ್ಲಿ ಬೇರೆಲ್ಲೂ ನೋವಿದೆಯೇ ಅನ್ನುವುದನ್ನೂ ಅಷ್ಟೇ ತೂಕದಿಂದ ಕೇಳುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಹಲ್ಲು ಬಿಗಿಹಿಡಿಯುವ ಹುಡುಗಿಯ ಗಲ್ಲ ನೋಯುವುದಕ್ಕೆ ಎಲುಬು ಹುಡುಕಬೇಕಾಗಿಲ್ಲ.

ಹಾಗೆಂದು ಎಲುಬಿಗೂ ಕೀಲಿಗೂ ನಂಟೇ ಇಲ್ಲ ಎಂದರೆ ಅದೂ ಸುಳ್ಳು. ಕೆಳದವಡೆ ಚಿಕ್ಕದಾಗಿ ಹಿಂದೆ ಕೂತವರಲ್ಲಿ, ಮುಖ ಉದ್ದವಿದ್ದು ದವಡೆಯ ಕೆಳ ಅಂಚು ಕಡಿದಾಗಿ ಇಳಿದವರಲ್ಲಿ ಡಿಸ್ಕ್ ಸರಿದಿರುವುದು ಹೆಚ್ಚಾಗಿ ಕಾಣುತ್ತದೆ. ಮುಂದಿನ ಹಲ್ಲುಗಳು ಕೂಡದೆ ಬಾಯಿ ತೆರೆದೇ ಇರುವುದು, ಒಂದೇ ಕಡೆ ಮೇಲಿನ ದವಡೆ ಹಲ್ಲುಗಳು ಕೆಳಗಿನವುಗಳ ಒಳಗೆ ಕೂರುವುದು, ಮೇಲಿನ ಮುಂಹಲ್ಲು 6–7 ಮಿ.ಮೀ.ಗಿಂತ ಮುಂದೆ ಚಾಚಿರುವುದು, ಹಿಂದಿನ ಐದಾರು ಹಲ್ಲು ಕಳೆದುಕೊಂಡಿರುವುದು, ಇವುಗಳೊಂದಿಗೂ ಸಣ್ಣ ನಂಟು ಕಂಡಿದೆ. ಆದರೆ ಇವುಗಳಲ್ಲಿ ಕೆಲವು ಕಾರಣಗಳಲ್ಲ, ಫಲಗಳು. ಬೆಳೆಯುವ ವಯಸ್ಸಿನಲ್ಲಿ ಕೀಲು ಕೆಟ್ಟರೆ ಗುಬ್ಬಿ ಗಿಡ್ಡವಾಗುತ್ತದೆ, ದವಡೆಯ ಹಿಂಭಾಗದ ಎತ್ತರ ತಗ್ಗುತ್ತದೆ, ಗದ್ದ ಹಿಂದಕ್ಕೆ ಜಾರಿ ಮುಂಹಲ್ಲುಗಳ ನಡುವೆ ಸಂದು ಬೀಳುತ್ತದೆ. ಹತ್ತು ವರ್ಷದ ಮೇಲೆ ಫೋಟೊ ನೋಡಿದವರಿಗೆ 'ದವಡೆ ಚಿಕ್ಕದಿದ್ದದ್ದಕ್ಕೇ ಕೀಲು ಕೆಟ್ಟಿತು' ಎಂದು ಕಾಣುತ್ತದೆ. ನಡೆದದ್ದು ತಿರುಗುಮುರುಗು.

ಕಾರಣ ಇಷ್ಟೇ. ಗುಬ್ಬಿಯ ನೆತ್ತಿಯ ಮೇಲಿನ ಮೆದು ಎಲುಬಿನ ಪದರ ಕೆಳದವಡೆ ಬೆಳೆಯುವ ಮುಖ್ಯ ಜಾಗಗಳಲ್ಲಿ ಒಂದು. ಅಲ್ಲಿ ಬೆಳವಣಿಗೆ ನಿಂತರೆ ಆ ಕಡೆಯ ದವಡೆ ಗಿಡ್ಡ, ಅಳತೆ ಮೀರಿದರೆ ಉದ್ದ. ಮುಖದ ವಾಲುವಿಕೆಯನ್ನು ಓದುವ ಸೂತ್ರವೂ ಇದೇ: ಗಿಡ್ಡವಾದ ಕಡೆಗೆ ಗದ್ದ ವಾಲುತ್ತದೆ, ಉದ್ದವಾದ ಕಡೆಯಿಂದ ದೂರ ಸರಿಯುತ್ತದೆ. ನಿಮ್ಮ ಮಗಳ ಗದ್ದ ಎಡಕ್ಕೆ ಹೋಗಿದೆ. ಹಾಗಾದರೆ ಬಲಗಡೆಯ ಗುಬ್ಬಿ ಹೆಚ್ಚು ಬೆಳೆಯುತ್ತಿದೆ, ಇಲ್ಲವೇ ಎಡಗಡೆಯದು ಕಡಿಮೆ ಬೆಳೆದಿದೆ, ಅದೂ ಇಲ್ಲವಾದರೆ ಕೀಲುಗಳು ಸರಿಯಿದ್ದು ಹಲ್ಲುಗಳು ಕೂಡುವಾಗ ದವಡೆಯನ್ನು ಎಡಕ್ಕೆ ಎಳೆಯುತ್ತಿವೆ. ನಾಲ್ಕನೆಯದೂ ಇದೆ, ಅದೇ ಹೆಚ್ಚು ಸಾಮಾನ್ಯ: ಯಾರ ಮುಖವೂ ಎಡಬಲ ಒಂದೇ ಸಮ ಇರುವುದಿಲ್ಲ, ಗದ್ದ 2–3 ಮಿ.ಮೀ. ಆಚೀಚೆ ಇದ್ದರೆ ಅದು ರೋಗವಲ್ಲ. ಸುಮಾರು 4 ಮಿ.ಮೀ. ದಾಟಿದ ಮೇಲೆ ಬೇರೆಯವರ ಕಣ್ಣಿಗೂ ಬೀಳತೊಡಗುತ್ತದೆ.

ಈ ವಯಸ್ಸಿನಲ್ಲಿ ಮುಖ ಬದಲಾಗುತ್ತಿದ್ದರೆ ಎರಡು ಸ್ಥಿತಿಗಳನ್ನು ಹುಡುಕಿ ನೋಡಲೇಬೇಕು. ಒಂದು, ಒಂದೇ ಕಡೆಯ ಗುಬ್ಬಿಯ ಅತಿಬೆಳವಣಿಗೆ. ಹೆಣ್ಣುಮಕ್ಕಳ ದವಡೆ 16–17ರ ಹೊತ್ತಿಗೆ ಬಹುಪಾಲು ಬೆಳೆದು ನಿಲ್ಲುತ್ತದೆ. ಇಲ್ಲಿ ಒಂದು ಕಡೆ ಮಾತ್ರ ನಿಲ್ಲುವುದಿಲ್ಲ. ನೋವು ಇರಲೇಬೇಕೆಂದಿಲ್ಲ. ಗದ್ದ ನಿಧಾನವಾಗಿ ಆಚೆಗೆ ಸರಿಯುತ್ತದೆ, ಕೆಳಗಿನ ಮುಂಹಲ್ಲುಗಳ ನಡುಗೆರೆ ಮೇಲಿನದಕ್ಕೆ ಕೂಡುವುದಿಲ್ಲ, ಒಂದು ಕಡೆ ಕಚ್ಚು ಅಡ್ಡವಾಗುತ್ತದೆ ಅಥವಾ ಸಂದು ಬೀಳುತ್ತದೆ. ಎರಡನೆಯದು ಇದಕ್ಕೆ ತದ್ವಿರುದ್ಧ, ಗುಬ್ಬಿ ಕಾರಣ ತಿಳಿಯದೆ ಕರಗುತ್ತಾ ಹೋಗುವುದು. ಹದಿಹರೆಯದಿಂದ ಮೂವತ್ತರೊಳಗಿನ ಹೆಣ್ಣುಮಕ್ಕಳಲ್ಲಿ ಹೆಚ್ಚು, ಸಾಮಾನ್ಯವಾಗಿ ಎರಡೂ ಕಡೆ. ಗದ್ದ ಹಿಂದೆ ಸರಿದು, ಮೊದಲು ಕೂಡುತ್ತಿದ್ದ ಮುಂಹಲ್ಲು ಈಗ ಕೂಡುವುದಿಲ್ಲ. 'ಮೊದಲ ಮುಂದಿನ ಹಲ್ಲಿಂದ ಕರಿಬೇವು ಕತ್ತರಿಸ್ತಿದ್ದೆ, ಈಗ ಆಗೂದಿಲ್ಲ' ಎಂಬ ಒಂದೇ ಮಾತಿನಿಂದ ಇದರ ಸುಳಿವು ಸಿಗುತ್ತದೆ. ಸಂಧಿವಾತದಲ್ಲೂ ಗುಬ್ಬಿ ಹೀಗೇ ಕರಗಬಹುದು. ಅದಕ್ಕೇ ಕೈಬೆರಳು, ಮೊಣಕಾಲು ಬಾವು ಬರುತ್ತದೆಯೇ, ಬೆಳಿಗ್ಗೆ ಕೈಕಾಲು ಬಿಗಿಯುತ್ತವೆಯೇ ಎಂದೂ ಕೇಳಬೇಕು. ಚಿಕ್ಕ ಮಕ್ಕಳ ಸಂಧಿವಾತದಲ್ಲಿ ದವಡೆಯ ಕೀಲು ನೋವಿಲ್ಲದೆ, ಸದ್ದಿಲ್ಲದೆ ಹಾಳಾಗುತ್ತದೆ. ಮುಖ ನೋಡಿದ ಮೇಲೆಯೇ ಗೊತ್ತಾಗುವುದು.

ನಿಮ್ಮ ಮಗಳ ಪ್ರಶ್ನೆಗೆ ನೇರವಾಗಿ ಸೇರದಿದ್ದರೂ ಇನ್ನೊಂದನ್ನು ಹೇಳಿಯೇ ಮುಂದೆ ಹೋಗಬೇಕು, ನಮ್ಮ ಕಡೆ ಕೀಲಿನಿಂದ ಮುಖ ಕೆಡುವ ಅತಿ ದೊಡ್ಡ ದಾರಿ ಅದು. ಪಂಚಮಿಯ ಜೋಕಾಲಿ, ಟ್ರ್ಯಾಕ್ಟರ್ ಟ್ರೇಲರ್, ಮನೆಯ ಮಾಳಿಗೆ, ಸೈಕಲ್ಲು: ಮಗು ಗದ್ದದ ಮೇಲೆ ಬೀಳುತ್ತದೆ. ಗದ್ದ ಸೀಳಿದ್ದಕ್ಕೆ ನಾಲ್ಕು ಹೊಲಿಗೆ ಹಾಕಿ ಕಳಿಸುತ್ತಾರೆ. ಏಟಿನ ಬಲ ಮಾತ್ರ ಎಲುಬಿನಗುಂಟ ಮೇಲೆ ಹೋಗಿ ಕಿವಿಯ ಮುಂದಿನ ಗುಬ್ಬಿಯನ್ನು ಮುರಿದಿರುತ್ತದೆ. ಆ ಕಡೆ ಯಾರೂ ನೋಡುವುದಿಲ್ಲ. ಮಗು ನೋವಿಗೆ ಬಾಯಿ ತೆರೆಯುವುದಿಲ್ಲ, ಮನೆಯವರು 'ಪಾಪ, ನೋಯ್ತದ' ಎಂದು ಹಾಲು-ಅನ್ನ ಕೊಡುತ್ತಾರೆ. ಕೀಲಿನೊಳಗೆ ಹೆಪ್ಪುಗಟ್ಟಿದ ರಕ್ತ ಕ್ರಮೇಣ ನಾರಾಗಿ, ನಾರು ಎಲುಬಾಗಿ, ಗುಬ್ಬಿ ತಲೆಬುರುಡೆಗೆ ಬೆಸೆದುಕೊಳ್ಳುತ್ತದೆ. ವರ್ಷಗಳ ಮೇಲೆ ಬಾಯಿ ಒಂದು ಬೆರಳೂ ತೆರೆಯುವುದಿಲ್ಲ. ಗದ್ದ ಬೆಳೆಯದೆ ಮುಖ ಹಕ್ಕಿಯ ಮುಖದಂತಾಗುತ್ತದೆ. ನಾಲಿಗೆಗೆ ಜಾಗ ಸಾಲದೆ ಮಗು ರಾತ್ರಿ ಗೊರಕೆ ಹೊಡೆಯುತ್ತದೆ, ಉಸಿರು ಕಟ್ಟಿ ಏಳುತ್ತದೆ. ಕಿವಿಯ ಹಳೆಯ ಸೋಂಕು ಕೀಲಿಗೆ ಹಬ್ಬಿಯೂ ಹೀಗಾಗುವುದುಂಟು.

ಇದನ್ನು ತಡೆಯುವ ಕೆಲಸ ಬಿದ್ದ ವಾರದಲ್ಲೇ ಶುರುವಾಗಬೇಕು. ಗದ್ದಕ್ಕೆ ಏಟಾದ ಯಾವ ಮಗುವಿಗಾದರೂ ಎರಡೂ ಕಿವಿಯ ಮುಂದೆ ಒತ್ತಿ ನೋಡಬೇಕು, ಹಲ್ಲು ಮೊದಲಿನಂತೆ ಕೂಡುತ್ತವೆಯೇ ಕೇಳಬೇಕು, ಕೀಲು ಕಾಣುವಂಥ ಎಕ್ಸ್‌ರೇ ತೆಗೆಸಬೇಕು. ಗುಬ್ಬಿ ಮುರಿದಿದ್ದರೂ ಚಿಕ್ಕ ಮಕ್ಕಳಲ್ಲಿ ಹೆಚ್ಚಾಗಿ ಆಪರೇಷನ್ ಬೇಡ. ದವಡೆ ಕಟ್ಟಿದರೂ 10–14 ದಿನಕ್ಕಿಂತ ಹೆಚ್ಚು ಕಟ್ಟಿಡಬಾರದು. ಆಮೇಲೆ ದಿನಕ್ಕೆ ನಾಲ್ಕೈದು ಸಲ ಬಾಯಿ ತೆರೆಸುವ ವ್ಯಾಯಾಮ. ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳನ್ನು ತೊಳೆದು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು, ಎರಡು ಮೂರು ದಿನಕ್ಕೊಂದು ಕಡ್ಡಿ ಹೆಚ್ಚಿಸುತ್ತಾ ಹೋಗುವುದು. ಒಂದು ಕಡ್ಡಿಯ ದಪ್ಪ ಸುಮಾರು 2 ಮಿ.ಮೀ., ಲೆಕ್ಕ ಇಡಲು ಅದೇ ಸಾಕು. ಬೆಳವಣಿಗೆ ಮುಗಿಯುವವರೆಗೆ ಆರು ತಿಂಗಳಿಗೊಮ್ಮೆ ಅಳತೆ. ಬೆಸೆದೇ ಹೋಗಿದ್ದರೆ ಆ ಎಲುಬನ್ನು ಕಡಿದು ಬಿಡಿಸಬೇಕು, ಆಮೇಲೂ ತಿಂಗಳುಗಟ್ಟಲೆ ಇದೇ ಕಡ್ಡಿಗಳ ಪಾಡು. ಮಗು ಅಳುತ್ತದೆಂದು ಮನೆಯವರು ವ್ಯಾಯಾಮ ಬಿಟ್ಟದ್ದಕ್ಕೇ ಚೆನ್ನಾಗಿ ಆದ ಆಪರೇಷನ್ನುಗಳೂ ಮತ್ತೆ ಬೆಸೆದುಕೊಳ್ಳುತ್ತವೆ.

ನಿಮ್ಮ ಮಗಳೂ ಚಿಕ್ಕವಳಿದ್ದಾಗ ಹೀಗೆ ಬಿದ್ದಿದ್ದಳೇ, ಗದ್ದದ ಕೆಳಗೆ ಹಳೆಯ ಹೊಲಿಗೆಯ ಗುರುತಿದೆಯೇ ನೋಡಿ. ಎಡಗಡೆಯ ಗುಬ್ಬಿ ಆಗ ಮುರಿದು ಗಿಡ್ಡವಾಗಿ ಕೂಡಿಕೊಂಡಿದ್ದರೆ ಗದ್ದ ಎಡಕ್ಕೆ ವಾಲಿರುವುದಕ್ಕೂ, ಹೆಚ್ಚು ಓಡಾಡಬೇಕಾದ ಬಲಗಡೆಯ ಕೀಲು ಕಟಗುಟ್ಟುವುದಕ್ಕೂ ಅದೊಂದೇ ಸಂಗತಿ ಸಾಕು.

ಇನ್ನು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಕನ್ನಡಿ, ಶಾಲೆಯ ಸ್ಕೇಲು, ಒಂದು ಐಸ್‌ಕ್ರೀಮ್ ಕಡ್ಡಿ, ಹಳೆಯ ಫೋಟೊಗಳು ಇದ್ದರೆ ಆಯಿತು.

ಸ್ಕೇಲಿನಿಂದ ಮೇಲಿನ ಮತ್ತು ಕೆಳಗಿನ ನಡುಹಲ್ಲಿನ ಅಂಚುಗಳ ನಡುವೆ ಅಳೆಯಿರಿ. ನೋವು ಶುರುವಾಗುವವರೆಗಿನ ತೆರೆತ ಒಂದು, ನೋವಿದ್ದರೂ ತೆರೆಯಬಲ್ಲಷ್ಟು ಇನ್ನೊಂದು. ಎರಡನ್ನೂ ತಾರೀಖು ಹಾಕಿ ಬರೆದಿಡಿ. ಪ್ರತಿ ಸಲ ಅದೇ ಎರಡು ಹಲ್ಲುಗಳ ನಡುವೆ ಅಳೆಯಬೇಕು, ಇಲ್ಲದಿದ್ದರೆ 3–4 ಮಿ.ಮೀ. ಸುಮ್ಮಸುಮ್ಮನೆ ಏರಿಳಿಯುತ್ತದೆ. ಆಮೇಲೆ ಕನ್ನಡಿಯ ಮುಂದೆ ನಿಧಾನವಾಗಿ ಬಾಯಿ ತೆರೆಯುವಾಗ ಕೆಳಗಿನ ನಡುಗೆರೆ ಎತ್ತ ಹೋಗುತ್ತದೆ ನೋಡಿ. ಒಂದು ಕಡೆ ಬಳುಕಿ ಮತ್ತೆ ನಡುವಿಗೆ ಬಂದರೆ ಡಿಸ್ಕ್ ಸರಿದು ವಾಪಸ್ ಕೂರುತ್ತಿದೆ. ಒಂದು ಕಡೆ ಹೋದದ್ದು ಹೋದಂತೆಯೇ ಉಳಿದರೆ ಆ ಕಡೆಯ ಕೀಲು ಜಾರುತ್ತಿಲ್ಲ. ಕೆಳದವಡೆಯನ್ನು ಮುಂದಕ್ಕೆ ಚಾಚಿ, ಮುಂಹಲ್ಲುಗಳ ತುದಿಗೆ ತುದಿ ಕೂಡಿಸಿ, ಅಲ್ಲಿಂದ ಬಾಯಿ ತೆರೆದರೆ ಸಪ್ಪಳ ನಿಂತುಹೋಗುತ್ತದೆಯೇ? ನಿಂತರೆ ಅದು ಡಿಸ್ಕಿನ ಸಪ್ಪಳವೇ. 'ಕಟ್' ಎನ್ನದೆ ಉಸುಕು ತುಳಿದಂತೆ ಕರಕರ ಅಂದರೆ ಎಲುಬಿನ ಮೇಲ್ಮೈ ಸವೆದಿರಬಹುದು.

ಗದ್ದಕ್ಕೆ ಬೇರೆ ಪರೀಕ್ಷೆ. ಮಗಳನ್ನು ನೆಟ್ಟಗೆ ಕೂರಿಸಿ, ಹಲ್ಲು ಕೂಡಿಸದೆ ಸಡಿಲ ಬಿಟ್ಟಾಗ ಗದ್ದ ಎಲ್ಲಿದೆ, ಹಿಂದಿನ ಹಲ್ಲು ಪೂರ್ತಿ ಕೂಡಿಸಿದಾಗ ಎಲ್ಲಿದೆ ನೋಡಿ. ಸಡಿಲವಿದ್ದಾಗ ನಡುವೆ ಇದ್ದು ಕಚ್ಚಿದಾಗ ಮಾತ್ರ ಎಡಕ್ಕೆ ಹೋದರೆ ಹಲ್ಲುಗಳು ಎಳೆಯುತ್ತಿವೆ. ಅಲ್ಲಿ ಕ್ಲಿಪ್ಪಿಗೆ ಕೆಲಸವಿದೆ, ಎರಡನೆಯ ಡಾಕ್ಟರು ಹೇಳಿದ್ದು ಅರ್ಧ ಸರಿಯಾಗುತ್ತದೆ. ಎರಡು ಸಲವೂ ಎಡಕ್ಕೇ ಇದ್ದರೆ ವ್ಯತ್ಯಾಸ ಎಲುಬಿನದು. ಆಮೇಲೆ ಐಸ್‌ಕ್ರೀಮ್ ಕಡ್ಡಿಯನ್ನು ಅಡ್ಡವಾಗಿ ಎರಡೂ ಕಡೆಯ ಕೋರೆಹಲ್ಲಿನ ಕೆಳಗೆ ಕಚ್ಚಿಸಿ ಎದುರಿನಿಂದ ನೋಡಿ: ಕಡ್ಡಿ ಎರಡು ಕಣ್ಣುಗಳ ಗೆರೆಗೆ ಸಮ ಇದೆಯೇ, ಓರೆಯೇ? ಓರೆಯಾಗಿದ್ದರೆ ಮೇಲಿನ ದವಡೆಯೂ ಹೊಂದಿಕೊಳ್ಳುತ್ತಾ ಬಂದಿದೆ, ವ್ಯತ್ಯಾಸ ನಿನ್ನೆ ಮೊನ್ನೆಯದಲ್ಲ ಎಂದು ತಿಳಿಯಬಹುದು.

ಎಲ್ಲಕ್ಕಿಂತ ಬೆಲೆಯುಳ್ಳ ದಾಖಲೆ ಫೋಟೊ. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನದು, ಪಿಯುಸಿ ಗುರುತಿನ ಚೀಟಿಯದು, ಮನೆಯ ಮದುವೆಗಳದು, ಎದುರಿನಿಂದ ತೆಗೆದ ನಾಲ್ಕಾರು ಫೋಟೊಗಳನ್ನು ವರ್ಷದ ಪ್ರಕಾರ ಸಾಲಾಗಿ ಇಡಿ. ಸೆಲ್ಫಿ ಬೇಡವೇ ಬೇಡ. ಮುಖದ ಹತ್ತಿರದಿಂದ ತೆಗೆದದ್ದು ಮೂಗು ಗದ್ದವನ್ನು ಹಿಗ್ಗಿಸುತ್ತದೆ, ಕೆಲವು ಮೊಬೈಲುಗಳು ಎಡಬಲವನ್ನೂ ತಿರುಗಿಸಿಬಿಡುತ್ತವೆ. ಎಡಕ್ಕೆ ವಾಲಿದೆ ಎಂದು ನೀವು ಕಂಡದ್ದು ಸೆಲ್ಫಿಯಲ್ಲಾದರೆ ಮೊದಲು ಅದನ್ನೇ ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಿ. ಹೊಸ ಫೋಟೊವನ್ನು ಹಿಂದಿನ ಕ್ಯಾಮೆರಾದಿಂದ, ಐದು ಅಡಿ ದೂರದಿಂದ, ಕಣ್ಣಿನ ಮಟ್ಟದಲ್ಲಿ, ಕೂದಲು ಕಿವಿಯ ಹಿಂದೆ ಸರಿಸಿ ತೆಗೆಯಿರಿ. ಒಂದು ಎದುರಿನಿಂದ, ಎರಡು ಪಕ್ಕದಿಂದ, ಒಂದು ಹಲ್ಲು ಕೂಡಿಸಿ ತುಟಿ ಬಿಡಿಸಿ.

ಇಷ್ಟರ ಮೇಲೆ ಸ್ಕ್ಯಾನು. ಮೊದಲು ಒಪಿಜಿ, ಅಂದರೆ ಎರಡೂ ದವಡೆ ಒಟ್ಟಿಗೆ ಕಾಣುವ ಅಗಲದ ಎಕ್ಸ್‌ರೇ, ಸಾಕು, ಎರಡು ಗುಬ್ಬಿಗಳ ಎತ್ತರ ಆಕಾರ ಒಂದೇ ಚಿತ್ರದಲ್ಲಿ ಕಾಣುತ್ತವೆ. ತೆಗೆಯುವಾಗ ತಲೆ ಸ್ವಲ್ಪ ತಿರುಗಿದ್ದರೆ ಸರಿಯಾದ ದವಡೆಯೂ ಒಂದು ಕಡೆ ದೊಡ್ಡದಾಗಿ ಕಾಣುತ್ತದೆ. ಒಪಿಜಿ ಒಂದನ್ನೇ ನಂಬಿ ಯಾರಾದರೂ ಆಪರೇಷನ್ ಅಂದರೆ ಎದ್ದು ಬನ್ನಿ. ಎಲುಬಿನ ವಿವರ ಬೇಕಾದರೆ ಸಿಬಿಸಿಟಿ, ಅಂದರೆ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನು. ಡಿಸ್ಕ್ ಕಾಣುವುದು ಎಂಆರ್‌ಐಯಲ್ಲಿ ಮಾತ್ರ, ಅದೂ ಬಾಯಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ ತೆಗೆದರೆ. ಇಲ್ಲಿ ಒಂದು ಎಚ್ಚರ: ಗುಬ್ಬಿಯ ಹೊರಗಿನ ಗಟ್ಟಿ ಪದರ ಪೂರ್ತಿ ಕೂಡಿಕೊಳ್ಳುವುದು 21–22ರ ಹೊತ್ತಿಗೆ. 19ರ ಹುಡುಗಿಯ ಸಿಬಿಸಿಟಿಯಲ್ಲಿ ಆ ಗೆರೆ ಅಲ್ಲಲ್ಲಿ ತುಂಡಾಗಿ ಕಂಡರೆ 'ಎಲುಬು ತಿಂದುಹೋಗಿದೆ' ಎಂದು ವರದಿ ಬರೆಯುವವರಿದ್ದಾರೆ. ಬೆಳೆಯುವ ಎಲುಬು ಇರುವುದೇ ಹಾಗೆ. ಬಲಗಡೆಯ ಗುಬ್ಬಿ ನಿಜವಾಗಿ ದೊಡ್ಡದಿದೆ, ಫೋಟೊಗಳೂ ಬದಲಾವಣೆ ತೋರಿಸುತ್ತವೆ ಎಂದಾಗ ಮಾತ್ರ ಟೆಕ್ನೀಷಿಯಂ ಎಂಬ ವಿಕಿರಣ ವಸ್ತುವನ್ನು ಚುಚ್ಚಿ ಮಾಡುವ ಬೋನ್ ಸ್ಕ್ಯಾನು. ಎರಡು ಕಡೆಯ ಹೀರಿಕೆಯಲ್ಲಿ 10 ಶೇಕಡಾಕ್ಕಿಂತ ಹೆಚ್ಚು ಅಂತರ, ಅಂದರೆ 55ಕ್ಕೆ 45, ಬಂದರೆ ಬೆಳವಣಿಗೆ ನಡೆದಿದೆ ಎಂದು ಶಂಕಿಸುತ್ತಾರೆ. ಬಾವಿದ್ದರೂ ಅಂಕಿ ಏರುವುದರಿಂದ ಅದನ್ನೂ ಫೋಟೊ, ಅಳತೆಗಳ ಜೊತೆಗಿಟ್ಟೇ ಓದಬೇಕು.

ಬೆಳವಣಿಗೆ ನಡೆದಿರುವುದು ಖಾತ್ರಿಯಾದರೆ ಎರಡು ದಾರಿ. ಗುಬ್ಬಿಯ ನೆತ್ತಿಯ ಕೆಲವು ಮಿ.ಮೀ. ಪದರವನ್ನು ತೆಗೆದು ಬೆಳವಣಿಗೆ ಅಲ್ಲಿಗೇ ನಿಲ್ಲಿಸುವುದು, ಇಲ್ಲವೇ ತಾನಾಗಿ ನಿಲ್ಲುವವರೆಗೆ ಕಾದು ಆಮೇಲೆ ದವಡೆ ಸರಿಪಡಿಸುವುದು. ವೇಗವಾಗಿ ವಾಲುತ್ತಿದ್ದರೆ ಮೊದಲನೆಯದು ಮೇಲು. ನಿಂತುಹೋಗಿದ್ದರೆ ಅವಸರವೇ ಇಲ್ಲ, ಮಗಳಿಗೆ ತನ್ನ ಮುಖದ ಬಗ್ಗೆ ಬೇಸರವಿದ್ದರೆ ಮಾತ್ರ ಆಪರೇಷನ್ನಿನ ಮಾತು. ಗುಬ್ಬಿ ಕರಗುತ್ತಿರುವ ಸ್ಥಿತಿಯಲ್ಲಂತೂ ಅದು ನಿಂತು ಒಂದೆರಡು ವರ್ಷ ಸ್ಥಿರವಾಗುವ ಮುನ್ನ ದವಡೆ ಮುಂದೆ ತಂದರೆ ಕೆಳಗಿನ ಅಡಿಪಾಯವೇ ಕುಸಿದು ದವಡೆ ಮತ್ತೆ ಹಿಂದಕ್ಕೆ ಜಾರುತ್ತದೆ. ಕ್ಲಿಪ್ಪಿನ ಮಾತೂ ಹೀಗೇ: ಹಲ್ಲು ನೇರ ಮಾಡಲು ಒಳ್ಳೆಯದು, ಕೀಲುನೋವು ತರುವುದೂ ಇಲ್ಲ, ಕಳೆಯುವುದೂ ಇಲ್ಲ. ಆದರೆ ಬದಲಾಗುತ್ತಿರುವ ದವಡೆಗೆ ಕ್ಲಿಪ್ ಹಾಕಿದರೆ ಬದಲಾವಣೆ ಮುಚ್ಚಿಹೋಗಿ ವರ್ಷಗಳ ಮೇಲೆ ಬಯಲಾಗುತ್ತದೆ.

ಸಪ್ಪಳ ಮತ್ತು ನೋವಿಗೆ ಮಾತ್ರ ಇಂದೇ ಶುರು ಮಾಡಬಹುದು. ಹಲ್ಲುಗಳು ಊಟ ಬಿಟ್ಟರೆ ಒಂದಕ್ಕೊಂದು ತಾಗಬಾರದು. ಸುಮ್ಮನಿದ್ದಾಗ ನಡುವೆ 2–4 ಮಿ.ಮೀ. ಸಂದು ಇರುವುದು ಸಹಜ. ತುಟಿ ಕೂಡಿ, ಹಲ್ಲು ಬಿಟ್ಟು, ನಾಲಿಗೆಯ ತುದಿ 'ನ' ಅನ್ನುವಾಗ ಮುಟ್ಟುವ ಜಾಗದಲ್ಲಿ ಹಗುರಾಗಿ. ಪುಸ್ತಕದ ಮೇಲೆ, ಮೊಬೈಲಿನ ಹಿಂದೆ ಒಂದೊಂದು ಬಣ್ಣದ ಚೀಟಿ ಅಂಟಿಸಿ, ಕಂಡಾಗೆಲ್ಲ ಹಲ್ಲು ಬಿಗಿದಿದೆಯೇ ನೋಡಿಕೊಳ್ಳಲಿ. ಮಾತ್ರೆಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ, ಆದರೆ ಚೀಟಿಗೆ ಯಾರೂ ದುಡ್ಡು ಕೊಡುವುದಿಲ್ಲವಾದ್ದರಿಂದ ಹೇಳುವವರು ಕಡಿಮೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಕಾವು, 15–20 ನಿಮಿಷ, ದಿನಕ್ಕೆ ಎರಡು ಮೂರು ಸಲ. ನಾಲಿಗೆ ಅಂಗುಳಕ್ಕೆ ತಾಗಿಸಿಕೊಂಡೇ ಎಷ್ಟು ತೆರೆಯಬಹುದೋ ಅಷ್ಟೇ ಬಾಯಿ ತೆರೆದು ಮುಚ್ಚುವುದು, ಕನ್ನಡಿಯಲ್ಲಿ ನೇರ ಗೆರೆ ಹಿಡಿದು, ಆರು ಸಲ. ಹೀಗೆ ದಿನಕ್ಕೆ ಆರು ಹೊತ್ತು. ಸಪ್ಪಳ ಬಂದರೆ ಅಷ್ಟು ತೆರೆಯಬಾರದು. ಆಕಳಿಸುವಾಗ ಗದ್ದದ ಕೆಳಗೆ ಮುಷ್ಟಿ ಹಿಡಿಯುವುದು.

ಊಟದಲ್ಲಿ ಎರಡು ವಾರ ಮೆತ್ತಗಿನದು. ಖಡಕ್ ರೊಟ್ಟಿಯನ್ನು ಬಿಡಲೇಬೇಕೆಂದಿಲ್ಲ, ಮಜ್ಜಿಗೆಯಲ್ಲೋ ಸಾರಿನಲ್ಲೋ ಮುರಿದು ನೆನೆಸಿ ತಿಂದರಾಯಿತು. ನುಚ್ಚು, ಅಂಬಲಿ, ಜುಣಕ, ಸಜ್ಜಕ, ಬೇಳೆ-ಅನ್ನ ನಡೆಯುತ್ತವೆ. ಕಬ್ಬು, ಗೋವಿನಜೋಳದ ತೆನೆ, ಶೇಂಗಾ ಚಿಕ್ಕಿ, ಚೂಯಿಂಗ್ ಗಮ್ ಬೇಡ. ಮಿರ್ಚಿ ಭಜಿಯನ್ನು ಇಡಿಯಾಗಿ ಕಚ್ಚದೆ ತುಂಡು ಮಾಡಿ ತಿನ್ನಲಿ, ಅಲ್ಲಿ ತೊಂದರೆ ಗಟ್ಟಿಯದಲ್ಲ, ಬಾಯಿ ಅಗಲಿಸುವುದರದು. ಎರಡು ವಾರದ ಮೇಲೆ ಸ್ವಲ್ಪಸ್ವಲ್ಪವೇ ಮೊದಲಿನ ಊಟಕ್ಕೆ ಮರಳಬೇಕು, ತಿಂಗಳುಗಟ್ಟಲೆ ಗಂಜಿಯಲ್ಲೇ ಇದ್ದರೆ ಸ್ನಾಯು ಸೋತು ಸಣ್ಣ ಕೆಲಸಕ್ಕೂ ನೋಯುತ್ತದೆ. ನೋವು ಹೆಚ್ಚಿದ್ದ ದಿನಗಳಿಗೆ ಐಬುಪ್ರೊಫೆನ್ 400 ಮಿ.ಗ್ರಾಂ. ಊಟದ ಮೇಲೆ, ದಿನಕ್ಕೆ ಮೂರರೊಳಗೆ, ಐದರಿಂದ ಏಳು ದಿನ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ, ಬಸಿರು ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಗಲ್ಲಕ್ಕೆ ಆಕಾರ ಬರುತ್ತದೆಂದು ಮಾರುವ ರಬ್ಬರಿನ ಕಚ್ಚುಚೆಂಡು ಮನೆಯಲ್ಲಿದ್ದರೆ ಎಸೆಯಿರಿ. ಅದು ಎಲುಬನ್ನು ತಿದ್ದುವುದಿಲ್ಲ, ಗಲ್ಲದ ಸ್ನಾಯುವನ್ನು ದಪ್ಪ ಮಾಡಿ ಕೀಲಿನ ಮೇಲೆ ಹೊರೆ ಹಾಕುತ್ತದೆ. ನಾಲಿಗೆಯನ್ನು ಅಂಗುಳಕ್ಕೆ ಬಲವಾಗಿ ಒತ್ತಿ ಮುಖ ತಿದ್ದಿಕೊಳ್ಳುವ ವಿಡಿಯೊಗಳದೂ ಅದೇ ಕಥೆ.

ಆರು ವಾರದಲ್ಲಿ ಇದರಿಂದ ಸಾಕಷ್ಟು ಇಳಿಯದಿದ್ದರೆ ರಾತ್ರಿ ಹಾಕುವ ಸ್ಪ್ಲಿಂಟ್. ಅದು ಗಟ್ಟಿ ಅಕ್ರಿಲಿಕ್ಕಿನದು, ಒಂದು ದವಡೆಯ ಎಲ್ಲ ಹಲ್ಲುಗಳನ್ನೂ ಮುಚ್ಚುವಂಥದ್ದಾಗಿರಬೇಕು. ಮುಂಹಲ್ಲಿಗೆ ಮಾತ್ರ ಕೂರುವ ಸಣ್ಣದನ್ನು ತಿಂಗಳುಗಟ್ಟಲೆ ಹಗಲೂ ರಾತ್ರಿ ಹಾಕಿದರೆ ಹಿಂದಿನ ಹಲ್ಲುಗಳು ಮೇಲೆದ್ದು ಕಚ್ಚೇ ಕೆಡುತ್ತದೆ. ಬಾಯಿ ಸಿಕ್ಕಿಕೊಂಡು ಬಿಡದಿದ್ದರೆ ಎರಡು ಸೂಜಿಯಿಂದ ಕೀಲನ್ನು ತೊಳೆಯುವ ವಿಧಾನ 1991ರಿಂದ ಬಳಕೆಯಲ್ಲಿದೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡಬಹುದು, ಕೊಯ್ಯುವುದಿಲ್ಲ. ಹಲ್ಲು ಉಜ್ಜಿ 'ಕಚ್ಚು ಸರಿಮಾಡುತ್ತೇವೆ' ಎಂದರೆ ಒಪ್ಪಬೇಡಿ, ಉಜ್ಜಿದ ಹಲ್ಲು ವಾಪಸ್ ಬರುವುದಿಲ್ಲ.

ಬಾಯಿ ತೆರೆಯದಿರುವುದಕ್ಕೆ ಈ ಭಾಗದಲ್ಲಿ ಕೀಲಿಗಿಂತ ಮೊದಲು ಕೇಳಬೇಕಾದದ್ದು ಗುಟ್ಕಾ, ಅಡಿಕೆ. ಖಾರ ತಿಂದರೆ ಬಾಯಿ ಉರಿಯುವುದು, ಗಲ್ಲದ ಒಳಗೆ ಬಿಳಿಚಿ ಗಟ್ಟಿ ಪಟ್ಟಿಗಳು ಕೈಗೆ ತಾಗುವುದು ಇದ್ದರೆ ಅದು ಕೀಲಿನ ರೋಗವಲ್ಲ, ಕ್ಯಾನ್ಸರಿಗೆ ದಾರಿಯಾಗಬಲ್ಲ ಬೇರೆಯದು. ಸ್ಪ್ಲಿಂಟ್ ಹಾಕಿ ಕಾಲ ಕಳೆಯುವುದು ಅಲ್ಲಿ ಅಪಾಯ. ಜ್ವರ, ಬಾವು, ಗಲ್ಲ ಜೋಮು ಹಿಡಿಯುವುದು, ತೂಕ ಇಳಿಯುವುದು, 50 ದಾಟಿದವರಲ್ಲಿ ಅಗಿಯುವಾಗ ದವಡೆ ನೋವಿನ ಜೊತೆ ಹೊಸ ತಲೆನೋವು ಅಥವಾ ಕಣ್ಣು ಮಂಜಾಗುವುದು, ನಡೆದಾಗ ಎದೆಯೊಂದಿಗೆ ದವಡೆಯೂ ಬಿಗಿಯುವುದು, ಇವು ಕಂಡರೆ ಅಂದೇ ಆಸ್ಪತ್ರೆಗೆ.

ನಿಮಗೆ ಬೇಕಾದ ವೈದ್ಯರು ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕರು, ಜೊತೆಗೆ ಹಲ್ಲು ಜೋಡಿಸುವ ಆರ್ಥೊಡಾಂಟಿಸ್ಟ್; ಇಬ್ಬರೂ ಒಟ್ಟಿಗೆ ಕೂತು ನೋಡುವ ಕಡೆ ಹೋದರೆ ಎರಡು ಮಾತು ಬರುವುದಿಲ್ಲ. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ಎರಡೂ ವಿಭಾಗಗಳಿವೆ. ಹೋಗುವಾಗ ಫೋಟೊಗಳ ಸಾಲು, ಸ್ಕೇಲಿನ ಅಳತೆಗಳ ಚೀಟಿ, ಈಗಾಗಲೇ ತೆಗೆಸಿದ ಎಕ್ಸ್‌ರೇಗಳನ್ನು ಒಯ್ಯಿರಿ, ಬರೀ ವರದಿಯಲ್ಲ, ಚಿತ್ರವೇ ಬೇಕು. ಮಗಳ ಹಲ್ಲಿನ ಅಚ್ಚು ತೆಗೆದು ಪ್ಲಾಸ್ಟರ್ ಮಾದರಿ ಮಾಡಿಡಲು ಕೇಳಿ. ಆರು ತಿಂಗಳಿಗೆ ಅದೇ ಬಗೆಯ ಫೋಟೊ, ಹೊಸ ಅಚ್ಚು. ಎರಡು ಅಚ್ಚುಗಳನ್ನು ಅಕ್ಕಪಕ್ಕ ಇಟ್ಟಾಗ ಕೆಳಗಿನ ನಡುಗೆರೆ ಎಡಕ್ಕೆ ಒಂದು ಮಿ.ಮೀ. ಸರಿದಿದ್ದರೂ ಬೋನ್ ಸ್ಕ್ಯಾನಿಗೆ ಹೋಗಬೇಕು. ಅಲುಗಿಲ್ಲವಾದರೆ ಇನ್ನೊಂದು ಆರು ತಿಂಗಳಿಗೆ ಮೂರನೆಯ ಅಚ್ಚು, ಅಲ್ಲಿಯವರೆಗೆ ಕಾವು, ಚೀಟಿ ಮತ್ತು ನೆನೆಸಿದ ರೊಟ್ಟಿ.